ಸೈಕಲ್ ಪಂಕ್ಚರ್: ತೂತು ಇರುವ ಜಾಗವೇ ಕಾರಣ ಹೇಳುತ್ತದೆ

ಪಂಕ್ಚರ್ ಹಾಕಿಸಿದ ಎರಡೇ ದಿನಕ್ಕೆ ಅದೇ ಚಕ್ರ ಮತ್ತೆ ಕೂತುಬಿಟ್ಟರೆ, ಪ್ಯಾಚು ಸರಿಯಾಗಿ ಅಂಟಿಲ್ಲ ಎಂದೇ ಎಲ್ಲರ ಅನುಮಾನ. ಟ್ಯೂಬ್ ಬಿಚ್ಚಿ ನೋಡಿದರೆ ಬಹಳ ಸಲ ಹಳೇ ಪ್ಯಾಚು ಗಟ್ಟಿಯಾಗೇ ಇರುತ್ತದೆ. ಅದರ ಪಕ್ಕದಲ್ಲಿ ಹೊಸ ತೂತು ಬಿದ್ದಿರುತ್ತದೆ. ಮೊದಲ ಸಲ ಚುಚ್ಚಿದ ಮುಳ್ಳಿನ ಮೊನೆ ಟಯರಿನೊಳಗೇ ಮುರಿದು ಉಳಿದುಕೊಂಡಿತ್ತು, ಯಾರೂ ಅದನ್ನು ಹುಡುಕಿ ತೆಗೆದಿರಲಿಲ್ಲ, ಅಷ್ಟೇ. ತೂತು ಮುಚ್ಚುವುದು ಕೆಲಸದ ಅರ್ಧ ಭಾಗ. ಆ ತೂತು ಯಾಕೆ ಬಿತ್ತು ಎಂದು ಪತ್ತೆಹಚ್ಚಿ ಅದನ್ನು ಸರಿಮಾಡುವುದು ಇನ್ನರ್ಧ. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಡ, ಟ್ಯೂಬಿನ ಯಾವ ಭಾಗದಲ್ಲಿ ತೂತು ಬಿದ್ದಿದೆ ಎಂದು ಗಮನವಿಟ್ಟು ನೋಡಿದರೆ ಸಾಕು.

ಬಿಚ್ಚುವ ಮೊದಲು ವಾಲ್ವ್ ನೋಡಿ

ಗಾಳಿ ಇಳಿದ ಚಕ್ರವೆಲ್ಲ ಪಂಕ್ಚರ್ ಆಗಿರುವುದಿಲ್ಲ. ಗಾಳಿ ತುಂಬಿ, ವಾಲ್ವಿನ ಬಾಯಿಗೆ ಬೆರಳಿನಿಂದ ಎಂಜಲನ್ನೋ ಸೋಪಿನ ನೀರನ್ನೋ ಹಚ್ಚಿ ಅರ್ಧ ನಿಮಿಷ ಕಾಯಿರಿ. ಗುಳ್ಳೆ ಉಬ್ಬುತ್ತ ಬಂದರೆ ತೊಂದರೆ ವಾಲ್ವಿನದು. ಟಯರ್ ಬಿಚ್ಚುವ ಅಗತ್ಯವೇ ಇಲ್ಲ.

ನಮ್ಮ ಕರಿ ಸೈಕಲ್, ಲೇಡೀಸ್ ಸೈಕಲ್‌ಗಳಲ್ಲಿ ಇರುವುದು ಹೆಚ್ಚಾಗಿ ಹಳೇ ಕಾಲದ ಡನ್‌ಲಪ್ ವಾಲ್ವ್. ಇದರೊಳಗೆ ಒಂದು ಲೋಹದ ಪಿನ್, ಪಿನ್ನಿನ ಪಕ್ಕದಲ್ಲಿ ಸಣ್ಣ ತೂತು, ಆ ತೂತಿನ ಮೇಲೆ ತೆಳು ರಬ್ಬರ್ ಕೊಳವೆ. ಅದೇ ವಾಲ್ ಟ್ಯೂಬ್. ಪಂಪಿನ ಗಾಳಿ ರಬ್ಬರನ್ನು ಸರಿಸಿಕೊಂಡು ಒಳಗೆ ಹೋಗುತ್ತದೆ, ಹಿಂದಕ್ಕೆ ಬರಲು ನೋಡಿದಾಗ ರಬ್ಬರ್ ತೂತಿಗೆ ಅವುಚಿಕೊಳ್ಳುತ್ತದೆ. ಬಿಸಿಲಿಗೆ ಈ ರಬ್ಬರ್ ಬಿರುಕು ಬಿಡುತ್ತದೆ ಇಲ್ಲವೇ ಅಂಟಂಟಾಗುತ್ತದೆ, ಆಗ ರಾತ್ರಿ ನಿಲ್ಲಿಸಿದ ಸೈಕಲ್ ಬೆಳಿಗ್ಗೆ ಕೂತಿರುತ್ತದೆ. ಹೊಸ ವಾಲ್ ಟ್ಯೂಬ್ ಏರಿಸುವಾಗ ಪಿನ್ನನ್ನು ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ. ಎಣ್ಣೆ ಬೇಡವೇ ಬೇಡ, ಎಣ್ಣೆ ತಾಕಿದ ರಬ್ಬರ್ ಉಬ್ಬಿ ಕೆಡುತ್ತದೆ. ಮೇಲೆ ಪಿನ್ನಿನ ಅಗಲವಾದ ಭುಜದವರೆಗೆ ರಬ್ಬರ್ ಏರಬೇಕು, ಏಕೆಂದರೆ ಪಿನ್ನು ಕೂರುವ ಜಾಗದಲ್ಲಿ ಗಾಳಿ ತಡೆಯುವುದೂ ಅದೇ ರಬ್ಬರು. ಕೆಳಗೆ ಪಕ್ಕದ ತೂತನ್ನು ಪೂರ್ತಿ ಮುಚ್ಚಿ ಇನ್ನೂ ಸ್ವಲ್ಪ ಇಳಿದಿರಬೇಕು. ಬಹಳ ಉದ್ದ ಬಿಟ್ಟರೂ ತೊಂದರೆ, ತುದಿ ಮಡಚಿಕೊಂಡು ಗಾಳಿ ಹೊಡೆಯುವುದೇ ಕಷ್ಟವಾಗುತ್ತದೆ.

ಬೈಕಿನದರಂಥ ದಪ್ಪ ವಾಲ್ವ್ ಇದ್ದರೆ ಒಳಗಿನ ಪಿನ್ ಸಡಿಲವಾಗಿದೆಯೇ ನೋಡಿ ವಾಲ್ವ್ ಕೀಯಿಂದ ಹಿತವಾಗಿ ತಿರುಗಿಸಿ. ರೇಸಿಂಗ್ ಸೈಕಲ್‌ಗಳ ಸಣ್ಣ ಪ್ರೆಸ್ಟಾ ವಾಲ್ವ್ ಆದರೆ ತುದಿಯ ಪುಟ್ಟ ನಟ್ಟನ್ನು ಬೆರಳಲ್ಲೇ ಬಿಗಿಮಾಡಿದರೆ ಸಾಕು.

ಬೇಕಾದ ಸಾಮಾನು

ಟಯರಿನ ಅಂಚು ಎತ್ತುವ ಎರಡು ಲಿವರ್, ಪ್ಯಾಚು ಅಂಟಿಸುವ ಸೊಲ್ಯೂಷನ್ನಿನ ಒಂದು ಸಣ್ಣ ಟ್ಯೂಬ್, ನಾಲ್ಕೈದು ಪ್ಯಾಚು, 80 ಅಥವಾ 100 ನಂಬರಿನ ಉಪ್ಪುಕಾಗದ, ಬಾಲ್‌ಪೆನ್ನು, ಪಂಪು, ಒಂದು ಬಕೆಟ್ ನೀರು, ಮುಖಕ್ಕೆ ಹಚ್ಚುವ ಪೌಡರು. ಲಿವರ್ ಬದಲು ಸ್ಕ್ರೂಡ್ರೈವರ್ ಹಾಕಿದರೆ ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿಕೊಂಡಂತೆ. ಲಿವರ್ ಇಲ್ಲವಾದರೆ ಎರಡು ಸ್ಟೀಲ್ ಚಮಚದ ಹಿಡಿಗಳೇ ವಾಸಿ, ಅವುಗಳ ಅಂಚು ಗುಂಡಗಿರುತ್ತದೆ. ಸೊಲ್ಯೂಷನ್ ದೊಡ್ಡ ಡಬ್ಬಿ ತರಬೇಡಿ. ಒಮ್ಮೆ ಮುಚ್ಚಳ ತೆರೆದರೆ ಅದರಲ್ಲಿನ ದ್ರಾವಕ ಆರುತ್ತ ಹೋಗಿ, ಕೆಲವೇ ತಿಂಗಳಲ್ಲಿ ಒಳಗೆ ಉಂಡೆ ಕಟ್ಟುತ್ತದೆ. ಹಾಗೆ ಗಟ್ಟಿಯಾದದ್ದಕ್ಕೆ ಪೆಟ್ರೋಲ್ ಬೆರೆಸಿ ಬಳಸುವವರಿದ್ದಾರೆ. ಅದು ಹರಡುವುದೇನೋ ಹರಡುತ್ತದೆ, ಹಿಡಿತ ಮಾತ್ರ ಮೊದಲಿನಷ್ಟು ಇರುವುದಿಲ್ಲ.

ಟ್ಯೂಬ್ ಹೊರತೆಗೆಯುವುದು

ಹಿಂದಿನ ಚಕ್ರವನ್ನು ಕಳಚಬೇಕಾಗಿಯೇ ಇಲ್ಲ. ಚೈನ್ ಕವರ್, ಸ್ಟ್ಯಾಂಡ್, ಕ್ಯಾರಿಯರ್, ಮಡ್‌ಗಾರ್ಡ್ ಕಡ್ಡಿ ಎಲ್ಲ ಇರುವ ಸೈಕಲ್ಲಿನಲ್ಲಿ ಅವನ್ನು ಬಿಚ್ಚಿ ಜೋಡಿಸುವುದೇ ಪಂಕ್ಚರಿಗಿಂತ ದೊಡ್ಡ ಕೆಲಸ. ಅಂಗಡಿಯವರು ಮಾಡುವಂತೆ, ಚೈನ್ ಇಲ್ಲದ ಎಡಗಡೆಯಿಂದ ಟಯರಿನ ಒಂದು ಅಂಚನ್ನು ಮಾತ್ರ ರಿಮ್ಮಿನ ಆಚೆ ತೆಗೆದು ಟ್ಯೂಬನ್ನು ಹೊರಗೆಳೆಯಿರಿ. ಟ್ಯೂಬನ್ನೇ ಬದಲಿಸುವುದಾದರೆ ಮಾತ್ರ ಚಕ್ರ ಕಳಚಬೇಕು.

ಉಳಿದ ಗಾಳಿಯನ್ನೆಲ್ಲ ಬಿಡಿ. ವಾಲ್ವ್ ಬುಡದ ನಟ್ ಇದ್ದರೆ ತೆಗೆದಿಡಿ. ಇನ್ನು ಮುಂದಿನದು ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ: ಎರಡೂ ಕೈಗಳಿಂದ ಟಯರನ್ನು ಸುತ್ತಲೂ ಹಿಂಡುತ್ತ, ಅದರ ಅಂಚುಗಳನ್ನು ರಿಮ್ಮಿನ ನಡುವಿನ ಹಳ್ಳಕ್ಕೆ ಇಳಿಸಿ. ಟಯರ್ ಅಂಚಿನೊಳಗೆ ತಂತಿ ಇರುತ್ತದೆ, ಅದು ಹಿಗ್ಗುವುದಿಲ್ಲ. ಹಳ್ಳದಲ್ಲಿ ರಿಮ್ಮಿನ ಸುತ್ತಳತೆ ಕಡಿಮೆ, ಹಾಗಾಗಿ ಅಲ್ಲಿಗೆ ಇಳಿಸಿದಾಗಲೇ ಎದುರು ಬದಿಯಲ್ಲಿ ಅಂಚು ಸಡಿಲವಾಗುವುದು. ಇದನ್ನು ಮಾಡಿಕೊಂಡರೆ ಎಂಥ ಬಿಗಿ ಟಯರೂ ಎರಡು ಲಿವರಿಗೆ ಬರುತ್ತದೆ. ವಾಲ್ವಿಗೆ ಎದುರು ಬದಿಯಲ್ಲಿ ಮೊದಲ ಲಿವರ್ ಹಾಕಿ ಎತ್ತಿ ಸ್ಪೋಕಿಗೆ ಸಿಕ್ಕಿಸಿ. ಎರಡು ಸ್ಪೋಕ್ ಆಚೆಗೆ ಇನ್ನೊಂದು ಹಾಕಿ, ಅಲ್ಲಿಂದ ಅಂಚಿನುದ್ದಕ್ಕೂ ಜಾರಿಸಿಕೊಂಡು ಹೋಗಿ. ಲಿವರಿನ ತುದಿ ಅಂಚಿನ ಕೆಳಗೆ ಎಷ್ಟು ಬೇಕೋ ಅಷ್ಟೇ ಇರಲಿ, ಆಳಕ್ಕೆ ತಳ್ಳಿದರೆ ಟ್ಯೂಬ್ ನಡುವೆ ಸಿಕ್ಕಿಕೊಳ್ಳುತ್ತದೆ.

ಟ್ಯೂಬ್ ತೆಗೆಯುವ ಮುನ್ನ ವಾಲ್ವ್ ಇರುವ ಜಾಗದ ನೇರಕ್ಕೆ ಟಯರಿನ ಪಕ್ಕೆಯ ಮೇಲೊಂದು ಗುರುತು ಹಾಕಿ, ಟ್ಯೂಬಿನ ಯಾವ ಮುಖ ಎಡಕ್ಕಿತ್ತು ಎಂಬುದನ್ನೂ ಗುರುತು ಮಾಡಿಕೊಳ್ಳಿ. ಇದರ ಬೆಲೆ ಮುಂದೆ ತಿಳಿಯುತ್ತದೆ.

ತೂತು ಹುಡುಕಿ, ಅದನ್ನು ಓದಿ

ಟ್ಯೂಬಿಗೆ ತನ್ನ ಸಹಜ ದಪ್ಪದ ಒಂದೂವರೆ ಪಟ್ಟು ಉಬ್ಬುವಷ್ಟು ಗಾಳಿ ಹೊಡೆಯಿರಿ. ದೊಡ್ಡ ತೂತಾದರೆ ಸದ್ದೇ ಕೇಳಿಸುತ್ತದೆ, ಸಣ್ಣದಾದರೆ ಕೆನ್ನೆಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿದಾಗ ತಣ್ಣನೆ ಗಾಳಿ ತಾಕುತ್ತದೆ. ಎರಡೂ ಆಗದಿದ್ದರೆ ಬಕೆಟ್ಟು. ಗೇಣುದ್ದ ಗೇಣುದ್ದ ಮುಳುಗಿಸಿ ಸ್ವಲ್ಪ ಹೊತ್ತು ಅಲುಗಿಸದೆ ಹಿಡಿಯಿರಿ. ರಬ್ಬರಿನ ಮೈಗೆ ಅಂಟಿದ ಗುಳ್ಳೆಗಳನ್ನು ಬೆರಳಿನಿಂದ ಒರೆಸಿ ನೋಡಿ. ಒರೆಸಿದ ಮೇಲೂ ಸಾಲಾಗಿ ಏಳುತ್ತಿದ್ದರೆ ಅದೇ ತೂತು. ಸಿಕ್ಕ ಕೂಡಲೇ ಪೆನ್ನಿನಲ್ಲಿ ಉದ್ದನೆಯ ಕೂಡಿಸುವ ಗುರುತು ಎಳೆಯಿರಿ. ಅದರ ನಾಲ್ಕು ಕೈಗಳೂ ಪ್ಯಾಚಿಗಿಂತ ಆಚೆ ಚಾಚಿರಲಿ, ಇಲ್ಲವಾದರೆ ಉಜ್ಜುವಾಗ ಗುರುತೂ ಅಳಿಸಿಹೋಗಿ ಸೂಜಿಮೊನೆಯ ತೂತು ಮತ್ತೆ ಕಣ್ಣಿಗೆ ಬೀಳುವುದಿಲ್ಲ. ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ, ವಾಲ್ವಿನಿಂದ ವಾಲ್ವಿನವರೆಗೆ ಪೂರ್ತಿ ಸುತ್ತು ನೋಡಿ. ಉದ್ದ ಜಾಲಿಮುಳ್ಳು ಟ್ಯೂಬಿನ ಹೊರಮೈ ತೂರಿ ಒಳಮೈಯನ್ನೂ ಚುಚ್ಚಿರುವುದು ಬಹಳ ಸಾಮಾನ್ಯ.

ಈಗ ಆ ತೂತು ಎಲ್ಲಿದೆ ಎಂದು ನೋಡಿ.

ನೆಲದ ಕಡೆಯ ಮೈಯಲ್ಲಿ ಒಂದೇ ಸಣ್ಣ ತೂತಿದ್ದರೆ ಮುಳ್ಳು, ಗಾಜು, ಮೊಳೆ ಅಥವಾ ತಂತಿ. ಹೆದ್ದಾರಿಯ ಪಕ್ಕ ಓಡಾಡುವವರಿಗೆ ತಂತಿಯ ಕಾಟ ಜಾಸ್ತಿ: ಸಿಡಿದ ಲಾರಿ ಟಯರುಗಳಿಂದ ಉದುರುವ ಕೂದಲೆಳೆಯ ಉಕ್ಕಿನ ಚೂರುಗಳು. ಹೊರಗಿನಿಂದ ಇವು ಕಾಣಿಸುವುದೇ ಇಲ್ಲ.

ಅಕ್ಕಪಕ್ಕ ಎರಡು ಸಣ್ಣ ಸೀಳು, ಹಾವು ಕಚ್ಚಿದ ಗುರುತಿನ ಹಾಗೆ ಇದ್ದರೆ ಯಾವ ಮುಳ್ಳೂ ಚುಚ್ಚಿಲ್ಲ. ಗಾಳಿ ಕಡಿಮೆ ಇದ್ದ ಚಕ್ರ ಗುಂಡಿಗೋ ಹಂಪ್ಸಿಗೋ ಬಡಿದು, ಟ್ಯೂಬ್ ನೆಲಕ್ಕೂ ರಿಮ್ಮಿನ ಎರಡು ಅಂಚಿಗೂ ನಡುವೆ ಜಜ್ಜಿದೆ. ಎರಡಕ್ಕೂ ಪ್ಯಾಚು ಹಾಕಿ, ರಿಮ್ ಡೊಂಕಾಗಿದೆಯೇ ನೋಡಿ, ಮುಂದೆ ಗಾಳಿ ಸರಿಯಾಗಿಡಿ.

ರಿಮ್ಮಿನ ಕಡೆಯ ಮೈಯಲ್ಲಿ ತೂತಿದ್ದರೆ ತಪ್ಪು ಚಕ್ರದೊಳಗಿನದು. ಸ್ಪೋಕ್ ಬಿಗಿಮಾಡಿದಾಗ ಅದರ ತುದಿ ಮೇಲೆದ್ದಿರಬಹುದು, ಸ್ಪೋಕಿನ ತಲೆಗಳನ್ನು ಮುಚ್ಚುವ ರಿಮ್ ಟೇಪು ಸರಿದಿರಬಹುದು ಅಥವಾ ಹರಿದಿರಬಹುದು. ಎದ್ದ ತುದಿಯನ್ನು ಅರದಿಂದ ಉಜ್ಜಿ ಸಮ ಮಾಡಿ, ಟೇಪು ಬದಲಿಸಿ. ಹೊಸ ಟೇಪು ಸಿಗುವವರೆಗೆ ಹಳೇ ಟ್ಯೂಬಿನ ಪಟ್ಟಿ ಕತ್ತರಿಸಿ ಸುತ್ತಿದರೂ ನಡೆಯುತ್ತದೆ.

ವಾಲ್ವಿನ ಬುಡದಲ್ಲಿ ಹರಿದಿದ್ದರೆ ಪ್ಯಾಚು ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಲೇಬೇಕು. ಗಾಳಿ ಕಡಿಮೆ ಇದ್ದಾಗ ಬ್ರೇಕ್ ಹಿಡಿದರೆ ಟಯರ್ ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ. ವಾಲ್ವ್ ಮಾತ್ರ ತನ್ನ ತೂತಿನಲ್ಲಿ ಸಿಕ್ಕಿಕೊಂಡಿರುವುದರಿಂದ ಬುಡ ಹರಿಯುತ್ತದೆ. ವಾಲ್ವ್ ಓರೆಯಾಗಿ ನಿಂತಿರುವುದು ಕಂಡರೆ ಅದು ಹರಿಯುವ ಮುಂಚಿನ ಎಚ್ಚರಿಕೆ. ಗಾಳಿ ಬಿಟ್ಟು, ಟಯರ್ ಸರಿಸಿ ವಾಲ್ವನ್ನು ನೆಟ್ಟಗೆ ಮಾಡಿ.

ಪಕ್ಕೆಯಲ್ಲಿ ಸವೆದಂತಿದ್ದರೆ ಬ್ರೇಕಿನ ರಬ್ಬರ್ ತುಂಡು ಟಯರಿಗೆ ತಾಗುತ್ತಿದೆಯೇ, ಟಯರಿನ ಪಕ್ಕೆ ಸೀಳಿದೆಯೇ ನೋಡಿ. ಅಲ್ಲಲ್ಲಿ ಸೂಜಿಮೊನೆಯಷ್ಟು ತೂತುಗಳು ಹರಡಿಕೊಂಡಿದ್ದರೆ ಒಂದೋ ಟಯರಿನೊಳಗೆ ಮರಳು ಸೇರಿದೆ, ಇಲ್ಲವೇ ಟ್ಯೂಬಿನ ಆಯುಸ್ಸು ಮುಗಿದಿದೆ.

ಮೊದಲು ಹಾಕಿದ ಗುರುತು ಈಗ ಬೇಕು. ವಾಲ್ವನ್ನು ಗುರುತಿನ ಎದುರು ಹಿಡಿದು, ಟ್ಯೂಬನ್ನು ಇದ್ದ ಹಾಗೇ ಟಯರಿನ ಮೇಲೆ ಹಾಸಿದರೆ ಟ್ಯೂಬಿನ ತೂತಿನ ನೇರಕ್ಕೆ ಟಯರಿನಲ್ಲಿ ಶತ್ರು ಕೂತಿರುತ್ತದೆ. ಆ ಜಾಗದಲ್ಲಿ ಟಯರಿನ ಒಳಮೈ ಮೇಲೆ ಹತ್ತಿ ಬಟ್ಟೆಯ ಚೂರೊಂದನ್ನು ಎಳೆಯಿರಿ. ಬಟ್ಟೆಯ ಎಳೆ ಸಿಕ್ಕಿಕೊಂಡ ಕಡೆ ಮೊನೆ ಇದೆ. ಬರಿಗೈ ಆಡಿಸಿದರೆ ಗಾಜು ಬೆರಳು ಕೊಯ್ಯುತ್ತದೆ. ತಲೆ ಮುರಿದ ಜಾಲಿಮುಳ್ಳು ಹೊರಗಿನಿಂದ ಹಿಡಿತಕ್ಕೆ ಸಿಗುವುದಿಲ್ಲ, ಒಳಗಿನಿಂದ ದಬ್ಬಳದ ತುದಿಯಿಂದ ಒತ್ತಿ ಹೊರಕ್ಕೆ ನೂಕಿ, ಆಮೇಲೆ ಇಕ್ಕಳದಲ್ಲಿ ಎಳೆಯಿರಿ. ಆ ಜಾಗ ಮುಗಿದ ಮೇಲೆ ಟಯರ್ ಪೂರ್ತಿ ಒಂದು ಸುತ್ತು ಬಟ್ಟೆ ಎಳೆದು ನೋಡಿ.

ಪ್ಯಾಚು ಹಾಕುವುದು

ಪ್ಯಾಚು ಏಳುವುದಕ್ಕೆ ಕಾರಣ ಎರಡೇ: ಉಜ್ಜಿದ್ದು ಸಾಲದು, ಕಾದದ್ದು ಸಾಲದು.

ಹೊಸ ಟ್ಯೂಬಿನ ಮೈಮೇಲೆ ಅಚ್ಚಿನಿಂದ ಬಿಡಿಸುವಾಗಿನ ನುಣುಪು ಪದರ ಉಳಿದಿರುತ್ತದೆ, ಅದರ ಮೇಲೆ ಏನೂ ಅಂಟುವುದಿಲ್ಲ. ಗಾಳಿ ಬಿಟ್ಟ ಟ್ಯೂಬನ್ನು ಒಣಗಿಸಿ, ಮರದ ತುಂಡಿನ ಮೇಲೆ ಬಿಗಿಯಾಗಿ ಹಾಸಿ, ಪ್ಯಾಚಿಗಿಂತ ಸುತ್ತಲೂ ಒಂದು ಸೆಂಟಿಮೀಟರ್ ಹೆಚ್ಚು ಜಾಗವನ್ನು ಹೊಳಪು ಹೋಗಿ ಮಾಸಲು ಕಪ್ಪಾಗುವವರೆಗೆ ಉಜ್ಜಿ. ಟ್ಯೂಬಿನುದ್ದಕ್ಕೂ ಓಡುವ ಉಬ್ಬುಗೆರೆ ತೂತಿನ ಹತ್ತಿರ ಇದ್ದರೆ ಅದು ಪೂರ್ತಿ ಸಮವಾಗಬೇಕು. ಗೆರೆಯ ಪಕ್ಕದಲ್ಲಿ ಉಳಿಯುವ ಕಾಣದ ಕಾಲುವೆಯಿಂದಲೇ ಗಾಳಿ ಸೋರುವುದು. ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಬಾಯಿಂದ ಊದಬೇಡಿ, ಉಸಿರಿನ ತೇವ ಕೂರುತ್ತದೆ. ಉಜ್ಜಿದ ಜಾಗವನ್ನು ಬೆರಳಲ್ಲಿ ಮುಟ್ಟಬೇಡಿ.

ಸೊಲ್ಯೂಷನ್ ಒಂದು ದೊಡ್ಡ ಹನಿ ಸಾಕು. ಪ್ಯಾಚಿಗಿಂತ ಅಗಲವಾಗಿ, ತೆಳುವಾಗಿ ಸವರಿ. ದಪ್ಪಗೆ ಹಚ್ಚಿದರೆ ಗಟ್ಟಿಯಾಗಿ ಅಂಟುತ್ತದೆ ಎಂಬುದು ತಪ್ಪು. ಸವರಿದ ಮೇಲೆ ಐದು ನಿಮಿಷ ಕಾಯಿರಿ, ಮಳೆಗಾಲದ ತೇವದಲ್ಲಿ ಎಂಟು-ಹತ್ತು. ಹಸಿ ಹೊಳಪು ಹೋಗಿ, ಅಂಚನ್ನು ಬೆರಳ ಹಿಂಬದಿಯಿಂದ ಮುಟ್ಟಿದರೆ ಜಿಗುಟು ಇದ್ದೂ ಬೆರಳಿಗೆ ಹತ್ತದಂತಿರಬೇಕು. ಇಷ್ಟು ಕಾಯುವುದು ಯಾಕೆಂದರೆ ಸೊಲ್ಯೂಷನ್ನಿನಲ್ಲಿರುವುದು ದ್ರಾವಕದಲ್ಲಿ ಕರಗಿಸಿದ ರಬ್ಬರು. ದ್ರಾವಕ ಆರುವ ಮೊದಲೇ ಪ್ಯಾಚು ಮುಚ್ಚಿದರೆ ಅದು ಹೊರಹೋಗಲು ದಾರಿಯಿಲ್ಲದೆ ಅಡಿಯಲ್ಲೇ ಉಳಿದು ಅಂಟನ್ನು ಮೆತ್ತಗಿಡುತ್ತದೆ. ಆ ಪ್ಯಾಚು ಮೊದಲ ದಿನ ನಿಂತೀತು, ಬಿಸಿಲಿಗೆ ನಿಲ್ಲಿಸಿದ ದಿನ ಜಾರುತ್ತದೆ. ಹತ್ತಿರದಲ್ಲಿ ಬೆಂಕಿ, ಬೀಡಿ ಇರಬಾರದು, ದ್ರಾವಕದ ಹಬೆ ಹೊತ್ತಿಕೊಳ್ಳುತ್ತದೆ.

ಪ್ಯಾಚಿನ ಅಡಿಯ ಹಾಳೆ ತೆಗೆದು, ಅಂಟುವ ಮೈಗೆ ಬೆರಳು ತಾಗಿಸದೆ, ತೂತು ಸರಿಯಾಗಿ ನಡುವೆ ಬರುವಂತೆ ಇಟ್ಟು, ನಡುವಿನಿಂದ ಅಂಚಿನ ಕಡೆಗೆ ಒತ್ತಿ. ಚಮಚದ ಬೆನ್ನಿನಿಂದ ಒಂದೆರಡು ನಿಮಿಷ ಬಲವಾಗಿ ತಿಕ್ಕಿ, ಅಂಚುಗಳ ಕಡೆ ಹೆಚ್ಚು ಗಮನ ಇರಲಿ. ಪ್ಯಾಚು ತೂತಿನ ಸುತ್ತ ಎಲ್ಲ ಕಡೆಯೂ ಒಂದು ಸೆಂಟಿಮೀಟರಾದರೂ ಆವರಿಸಿರಬೇಕು. ಮೇಲಿನ ಪಾರದರ್ಶಕ ಹಾಳೆ ಹಾಗೇ ಇದ್ದರೂ ತೊಂದರೆಯಿಲ್ಲ. ಅದನ್ನು ಅಂಚಿನಿಂದ ಕಿತ್ತರೆ ಪ್ಯಾಚೂ ಜೊತೆಗೇ ಏಳುತ್ತದೆ.

ಹಳೇ ಟ್ಯೂಬಿನಿಂದ ಕತ್ತರಿಸಿದ ಪ್ಯಾಚೂ ಚೆನ್ನಾಗಿಯೇ ಹಿಡಿಯುತ್ತದೆ, ಊರಿನ ಅಂಗಡಿಗಳಲ್ಲಿ ಇಂದಿಗೂ ಹಾಕುವುದು ಅದನ್ನೇ. ಆದರೆ ಅದನ್ನೂ ಉಜ್ಜಬೇಕು, ಎರಡೂ ಮೈಗೆ ಸೊಲ್ಯೂಷನ್ ಹಚ್ಚಿ ಎರಡನ್ನೂ ಆರಿಸಬೇಕು, ಮೂಲೆಗಳನ್ನು ಗುಂಡಗೆ ಕತ್ತರಿಸಬೇಕು. ಚೌಕದ ಮೂಲೆ ಮೊದಲು ಏಳುತ್ತದೆ. ಸೊಲ್ಯೂಷನ್ ಬೇಡದ ಸ್ಟಿಕ್ಕರ್ ಪ್ಯಾಚುಗಳು ಮನೆ ಸೇರುವವರೆಗಿನ ಅವಸರಕ್ಕೆ ಮಾತ್ರ. ಒಂದು ಸೆಂಟಿಮೀಟರಿಗಿಂತ ಉದ್ದದ ಸೀಳು, ಪ್ಯಾಚಿನ ಅಂಚಿನಡಿ ಬಿದ್ದ ತೂತು, ಇಂಥವಕ್ಕೆ ಶ್ರಮಪಡುವುದಕ್ಕಿಂತ ಹೊಸ ಟ್ಯೂಬೇ ಮೇಲು.

ಪ್ಯಾಚಿನ ಸುತ್ತ ಉಳಿದ ಅಂಟಿನ ಮೇಲೆ ಪೌಡರ್ ಉದುರಿಸಿ, ಇಲ್ಲದಿದ್ದರೆ ಟ್ಯೂಬ್ ಟಯರಿಗೇ ಅಂಟಿಕೊಳ್ಳುತ್ತದೆ. ಹೊರಗಿಟ್ಟುಕೊಂಡು ಟ್ಯೂಬನ್ನು ಬಲೂನಿನಂತೆ ಊದಿ ಪರೀಕ್ಷಿಸಬೇಡಿ. ಹಿಗ್ಗಿದ ರಬ್ಬರ್ ಹೊಸ ಪ್ಯಾಚಿನ ಅಂಚನ್ನು ಎಳೆಯುತ್ತದೆ. ಟಯರಿನೊಳಗೆ ಹೋದ ಮೇಲೆ ಗಾಳಿಯ ಒತ್ತಡವೇ ಪ್ಯಾಚನ್ನು ಒತ್ತಿ ಹಿಡಿಯುತ್ತದೆ.

ಮತ್ತೆ ಕೂರಿಸುವುದು

ಟ್ಯೂಬ್ ದುಂಡಗೆ ನಿಲ್ಲುವಷ್ಟು ಮಾತ್ರ ಗಾಳಿ ಕೊಡಿ, ಆಗ ಅದು ಮಡಚಿಕೊಳ್ಳುವುದಿಲ್ಲ, ಅಂಚಿನಡಿ ಸಿಕ್ಕುವುದೂ ಇಲ್ಲ. ವಾಲ್ವನ್ನು ತೂತಿಗೆ ಹಾಕಿ ಟ್ಯೂಬನ್ನು ಸುತ್ತ ಸೇರಿಸಿ. ಟಯರ್ ಅಂಚನ್ನು ವಾಲ್ವಿಗೆ ಎದುರು ಬದಿಯಿಂದ ಶುರುಮಾಡಿ ಎರಡೂ ಕೈ ಹೆಬ್ಬೆರಳುಗಳಿಂದ ಒಳಗೆ ಸೇರಿಸುತ್ತ ವಾಲ್ವಿನ ಹತ್ತಿರ ಮುಗಿಸಿ. ಕೊನೆಯ ಗೇಣು ಬಿಗಿಯಾದರೆ ಲಿವರ್ ಎತ್ತಿಕೊಳ್ಳಬೇಡಿ. ಈಗಾಗಲೇ ಕೂತಿರುವ ಅಂಚನ್ನು ಮತ್ತೆ ಸುತ್ತಲೂ ಹಳ್ಳಕ್ಕೆ ಹಿಂಡಿ, ಸ್ವಲ್ಪ ಗಾಳಿ ಬಿಡಿ, ಅಂಗೈಯಿಂದ ಉರುಳಿಸಿ. ಮನೆಯಲ್ಲಿ ರಿಪೇರಿ ಮಾಡಿದ ಟ್ಯೂಬುಗಳಲ್ಲಿ ಹೊಸ ತೂತು ಬೀಳುವುದು ಹೆಚ್ಚಾಗಿ ಈ ಕೊನೆಯ ಗೇಣಿನಲ್ಲಿ ಹಾಕುವ ಲಿವರಿನಿಂದ.

ಆಮೇಲೆ ವಾಲ್ವನ್ನು ಟಯರಿನ ಕಡೆಗೊಮ್ಮೆ ಒತ್ತಿ ಬಿಡಿ, ಅದರ ಬುಡ ಅಂಚಿನಡಿ ಸಿಕ್ಕಿದ್ದರೆ ಮೇಲೆದ್ದುಕೊಳ್ಳುತ್ತದೆ. ಎರಡೂ ಬದಿಯಲ್ಲಿ ಟಯರನ್ನು ಬದಿಗೊತ್ತುತ್ತ ಟ್ಯೂಬ್ ಎಲ್ಲಾದರೂ ಇಣುಕುತ್ತಿದೆಯೇ ನೋಡಿ. ಅರ್ಧ ಗಾಳಿ ತುಂಬಿಸಿ ಚಕ್ರ ತಿರುಗಿಸಿ. ಟಯರಿನ ಪಕ್ಕೆಯ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿದ್ದರೆ ಟಯರ್ ಸರಿಯಾಗಿ ಕೂತಿದೆ, ಪೂರ್ತಿ ತುಂಬಬಹುದು.

ಗಾಳಿ, ಮುಳ್ಳು, ಟಯರು

ಪಂಕ್ಚರ್ ತಡೆಯುವ ಅತಿ ಅಗ್ಗದ ಉಪಾಯ ಪಂಪು. ಎಷ್ಟು ಗಾಳಿ ಎಂಬುದು ಟಯರಿನ ಪಕ್ಕೆಯ ಮೇಲೆ ಬರೆದಿರುತ್ತದೆ, ಅದೇ ಕೊನೆಯ ಮಾತು. ಅಂದಾಜಿಗೆ ಹೇಳುವುದಾದರೆ 28 × 1½ರ ಕರಿ ಸೈಕಲ್ ಟಯರಿಗೆ ಗಾಳಿಯ ಒತ್ತಡ 45ರಿಂದ 55 ಪಿಎಸ್‌ಐ, 26 ಇಂಚಿನ ದಪ್ಪ ಮೌಂಟನ್ ಬೈಕ್ (ಎಂಟಿಬಿ) ಟಯರಿಗೆ 35ರಿಂದ 50, 700 × 35 ಅಳತೆಯ ಟಯರಿಗೆ 50ರಿಂದ 75. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೇರುವವರು ಹಿಂದಿನ ಚಕ್ರವನ್ನು ಈ ಅಳತೆಯ ಮೇಲಿನ ತುದಿಯಲ್ಲಿಡಿ. ಡನ್‌ಲಪ್ ವಾಲ್ವಿನಲ್ಲಿ ಮೀಟರು ಸರಿಯಾಗಿ ತೋರಿಸುವುದಿಲ್ಲ, ಕಣ್ಣಂದಾಜೇ ಗತಿ: ಸೈಕಲ್ ಹತ್ತಿ ಕೂತಾಗ ಹಿಂದಿನ ಟಯರ್ ನೆಲಕ್ಕೆ ತಾಗುವ ಕಡೆ ತುಸುವೇ ಉಬ್ಬಬೇಕು, ಚಪ್ಪಟೆಯಾಗಬಾರದು. ಪೆಟ್ರೋಲ್ ಬಂಕಿನ ಗಾಳಿ ಹಾಕಿಸುವಾಗ ಒಂದೊಂದು ಕ್ಷಣ ಬಿಟ್ಟು ಬಿಟ್ಟು ಹಾಕಿಸಿ. ಕಾರಿನ ಟಯರಿಗೆ ಹೋಲಿಸಿದರೆ ಸೈಕಲ್ಲಿನದಕ್ಕೆ ಹಿಡಿಯುವ ಗಾಳಿ ಎಷ್ಟೂ ಅಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿಯಬಹುದು.

ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ಕರ್ನಾಟಕದಲ್ಲಿ 2006–07ರಲ್ಲಿ ಶುರುವಾಯಿತು. ಊರಿನಿಂದ ದೂರದ ಹೈಸ್ಕೂಲಿಗೆ ಹೋಗುವ ಮಗುವಿಗೆ ಪಂಕ್ಚರ್ ಎಂದರೆ ಅಂದಿನ ಪಾಠವೇ ತಪ್ಪಿದಂತೆ. ಮಕ್ಕಳು ಡಬಲ್ ಹೊಡೆಯುವುದು, ಗಾಳಿ ಇಳಿದಿದ್ದರೂ ಹಾಗೇ ತುಳಿಯುವುದು ಸಹಜ, ಹಾಗಾಗಿ ಈ ಸೈಕಲ್ಲುಗಳಲ್ಲಿ ಜಜ್ಜಿದ ಜೋಡಿ ಸೀಳುಗಳು ತಪ್ಪಿದ್ದಲ್ಲ. ವಾರಕ್ಕೊಮ್ಮೆ, ಭಾನುವಾರವೇ ಅಂದುಕೊಳ್ಳಿ, ದೊಡ್ಡವರೊಬ್ಬರು ಎರಡೂ ಚಕ್ರಕ್ಕೆ ಗಾಳಿ ಹೊಡೆದು ಕೊಟ್ಟರೆ ಅಂಥವು ಬಹುಪಾಲು ನಿಲ್ಲುತ್ತವೆ.

ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯೂ ನೆಗ್ಗಿಲೂ ಮುಖ್ಯ ಶತ್ರುಗಳು. ನೆಗ್ಗಿಲ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಮುಳ್ಳುಬೇಲಿ ಸವರಿದ, ಬೇಲಿ ಕಟ್ಟಲು ಮುಳ್ಳುಕಂಪೆ ಎಳೆದೊಯ್ದ ದಾರಿಯಲ್ಲಿ ಕೆಲವು ದಿನ ಸೈಕಲ್ ಎತ್ತಿಕೊಂಡು ದಾಟುವುದೇ ಲೇಸು, ತಳ್ಳಿಕೊಂಡು ಹೋದರೂ ಮುಳ್ಳು ಚುಚ್ಚಿಯೇ ಚುಚ್ಚುತ್ತದೆ. ಪಟ್ಟಣದ ರಸ್ತೆಯಲ್ಲಾದರೆ ತೀರ ಅಂಚು ಹಿಡಿಯಬೇಡಿ. ವಾಹನಗಳ ಚಕ್ರ ಗುಡಿಸಿ ತಳ್ಳಿದ ಗಾಜು, ತಂತಿ ಎಲ್ಲ ಅಲ್ಲೇ ಸೇರುತ್ತದೆ. ಮಳೆಯಲ್ಲಿ ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಕೊಯ್ಯುತ್ತದೆ, ಮಳೆ ನಿಂತ ದಿನ ಟಯರಿನ ಮೈಯನ್ನೊಮ್ಮೆ ನೋಡಿ ಕಚ್ಚಿಕೊಂಡಿರುವ ಚೂರುಗಳನ್ನು ಸೇಫ್ಟಿ ಪಿನ್ನಿನಿಂದ ಕೆದಕಿ ತೆಗೆಯಿರಿ. ಚೂರು ಟಯರಿಗೆ ಹತ್ತಿದ ಕೂಡಲೇ ಟ್ಯೂಬಿಗೆ ತಲಪುವುದು ಕಡಿಮೆ, ಸುತ್ತು ಸುತ್ತಿಗೂ ಒಳಕ್ಕೆ ಇಳಿಯುತ್ತ ಹೋಗುತ್ತದೆ.

ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟಯರಿನೊಳಗೆ ಹಾಸುವ ಪದ್ಧತಿ ಒಳ್ಳೆಯದೇ. ಚಕ್ರ ತುಸು ಭಾರವಾಗುತ್ತದೆ, ಗಿಡ್ಡ ಮುಳ್ಳು ಟ್ಯೂಬ್ ಮುಟ್ಟುವುದಿಲ್ಲ. ಪಟ್ಟಿಯ ಎರಡು ತುದಿಗಳನ್ನು ಓರೆಯಾಗಿ ತೆಳ್ಳಗೆ ಕತ್ತರಿಸಿ ಒಂದರ ಮೇಲೊಂದು ಕೂರಿಸಿ, ಇಲ್ಲವಾದರೆ ಆ ಅಂಚೇ ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಅಂಗಡಿಯ ಪ್ಲಾಸ್ಟಿಕ್ ಲೈನರಿಗೂ ಇದೇ ನಿಯಮ. ಒಳಗೇ ಗಟ್ಟಿ ಪಟ್ಟಿ ಇರುವ ಷ್ವಾಲ್ಬೆ ಮ್ಯಾರಥಾನ್‌ನಂಥ ಟಯರುಗಳು ದುಬಾರಿಯಾದರೂ ದಿನವೂ ದೂರ ಓಡಾಡುವವರಿಗೆ ಸಾರ್ಥಕ. ಟ್ಯೂಬಿನೊಳಗೆ ಸುರಿಯುವ ಸೀಲೆಂಟ್ ಸಣ್ಣ ಮುಳ್ಳಿನ ತೂತು ಮುಚ್ಚುತ್ತದೆ, ಜಜ್ಜಿದ ಸೀಳಿಗೆ ಕೈಲಾಗುವುದಿಲ್ಲ. ಸೋರಿದ ದ್ರವದ ಮೇಲೆ ಪ್ಯಾಚೂ ಸುಲಭಕ್ಕೆ ಹಿಡಿಯುವುದಿಲ್ಲ.

ಟಯರಿನ ಮೇಲುಮೈ ಸವೆದು ಒಳಗಿನ ನೂಲು ಕಂಡಿತೆಂದರೆ ಪ್ಯಾಚಿಗೆ ಕೊಡುವ ದುಡ್ಡು ವ್ಯರ್ಥ. ಹಿಂದಿನ ಟಯರು ಬೇಗ ಸವೆಯುತ್ತದೆ. ಹೊಸದನ್ನು ಮುಂದಕ್ಕೆ ಹಾಕಿ ಮುಂದಿನದನ್ನು ಹಿಂದಕ್ಕೆ ತನ್ನಿ. ಮುಂದಿನ ಚಕ್ರ ದಿಢೀರನೆ ಕೂತರೆ ಸವಾರ ಬೀಳುತ್ತಾನೆ, ಗಟ್ಟಿ ಟಯರ್ ಅಲ್ಲೇ ಇರಬೇಕು. ಟಯರಿನಲ್ಲಿ ಅರ್ಧ ಸೆಂಟಿಮೀಟರಿಗಿಂತ ದೊಡ್ಡ ಸೀಳಿದ್ದರೆ ಒಳಗಿನಿಂದ ಗೇಟರ್ ಇಡಿ, ಅಂದರೆ ಹಳೇ ಟಯರಿನ ತೆಳು ತುಂಡು. ಇಲ್ಲದಿದ್ದರೆ ಸೀಳಿನಿಂದ ಟ್ಯೂಬ್ ಗುಳ್ಳೆಯಂತೆ ಹೊರಬಂದು ಒಡೆಯುತ್ತದೆ.

ದಾರಿಯಲ್ಲಿ ಪ್ಯಾಚೂ ಇಲ್ಲ, ಅಂಗಡಿಯೂ ಇಲ್ಲ ಎಂದಾಗ ಟ್ಯೂಬನ್ನು ತೂತಿರುವ ಜಾಗದಲ್ಲಿ ಮಡಚಿ, ತೂತು ಮಡಿಕೆಯೊಳಗೆ ಬರುವಂತೆ ದಾರದಿಂದಲೋ ಬಟ್ಟೆಯ ಪಟ್ಟಿಯಿಂದಲೋ ಬಿಗಿದು ಕಟ್ಟಿ ಗಾಳಿ ಹೊಡೆಯಬಹುದು. ಚಕ್ರ ಸುತ್ತು ಸುತ್ತಿಗೂ ಕುಪ್ಪಳಿಸುತ್ತದೆ, ಆದರೂ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಸಾಗುತ್ತದೆ. ಪಂಪೂ ಇಲ್ಲದಿದ್ದರೆ ಟಯರಿನೊಳಗೆ ಹುಲ್ಲನ್ನು ಗಟ್ಟಿಯಾಗಿ ತುರುಕಿ ಮುಚ್ಚಿ, ಸೈಕಲ್ ಹತ್ತದೆ ತಳ್ಳಿಕೊಂಡು ಹೋಗಿ. ಗಾಳಿಯಿಲ್ಲದ ಚಕ್ರದ ಮೇಲೆ ಕೂತು ತುಳಿದರೆ ಟ್ಯೂಬ್ ಚಿಂದಿಯಾಗುತ್ತದೆ, ಟಯರಿನ ಪಕ್ಕೆ ಒಡೆಯುತ್ತದೆ, ರಿಮ್ ಡೊಂಕಾಗುತ್ತದೆ. ಸೀಟಿನಡಿ ಒಂದು ಬಟ್ಟೆ ಚೀಲದಲ್ಲಿ ಎರಡು ಲಿವರ್, ತೆರೆಯದ ಸೊಲ್ಯೂಷನ್, ನಾಲ್ಕು ಪ್ಯಾಚು, ಉಪ್ಪುಕಾಗದದ ಚೂರು, ಅಂಗುಲದಷ್ಟು ವಾಲ್ ಟ್ಯೂಬ್ ಇದ್ದು, ಫ್ರೇಮಿಗೊಂದು ಕೈಪಂಪು ಸಿಕ್ಕಿಸಿದ್ದರೆ ಹುಲ್ಲು ಕೀಳುವ ಸಂದರ್ಭ ಬರುವುದು ಅಪರೂಪ.